ಪೇಪರಿನ ಲೆಕ್ಕ, ಊರಿನ ಪಾಲು

ನಮ್ಮ ಯಾದಗಿರಿ ಜಿಲ್ಲೆ ಪೇಪರಿನಲ್ಲಿ ಬರೋದು ಎರಡೇ ಕಾರಣಕ್ಕೆ ಅಂತ ನಾವೇ ತಮಾಷೆ ಮಾಡಿಕೊಳ್ಳೋದುಂಟು. ಒಂದು ಬಿಸಿಲು, ಇನ್ನೊಂದು ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯ ಕೊನೆಯ ಸಾಲು. ಆದರೆ ಇನ್ನೊಂದು ಥರದ ಪೇಪರ್ ಇದೆಯಲ್ಲ, ಸಂಶೋಧನಾ ಪೇಪರ್, ಅದರಲ್ಲಿ ನಮ್ಮ ಊರುಗಳ ಹೆಸರು ನೂರೈವತ್ತು ವರ್ಷಕ್ಕೂ ಮಿಕ್ಕಿ ಓಡಾಡುತ್ತಿದೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಇಲ್ಲಿನ ಹಳೆಯ ಕಲ್ಗೋರಿಗಳನ್ನು ಅಗೆಸಿ, ಅಳತೆ ಮಾಡಿ, 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಅದರ ಬಗ್ಗೆ ಬರೆದ. ಶಹಾಪುರ ತಾಲೂಕಿನ ವಿಭೂತಿಹಳ್ಳಿಯಲ್ಲಿ ಸಾಲಾಗಿ ಜೋಡಿಸಿಟ್ಟ ಬಂಡೆಗಳಿವೆ. ಅವುಗಳ ಬಗ್ಗೆ ಪುರಾತತ್ವದವರೂ ಬರೆದಿದ್ದಾರೆ, ಖಗೋಳದವರೂ ಬರೆದಿದ್ದಾರೆ. ಮೊದಲು ಸುರಪುರ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಹುಣಸಗಿಯ ಕಥೆಯಂತೂ ಇನ್ನೂ ದೊಡ್ಡದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಿಂದ ಈ ಸೀಮೆ ಸುತ್ತಿದವರು. ಕೊಡೇಕಲ್ ಮತ್ತು ಬೂದಿಹಾಳದ ಬೂದಿದಿಬ್ಬಗಳನ್ನು ಅಗೆದವರು. ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನು ಅವರ ತಂಡ ಅಗೆದು, ಅದು ಸುಮಾರು 12 ಲಕ್ಷ ವರ್ಷ ಹಿಂದಿನದು ಅಂತ 2002ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

12 ಲಕ್ಷ ವರ್ಷ! ಹುಣಸಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾಲೇಜು ಹುಡುಗರನ್ನು ಈ ಬಗ್ಗೆ ಕೇಳಿ ನೋಡಿ. ಎಷ್ಟು ಜನ ಹೇಳ್ತಾರೋ ನನಗಂತೂ ಧೈರ್ಯ ಇಲ್ಲ.

ಪದ್ದಯ್ಯನವರದು ಬಿಡಿ, ಅದು ಜೀವಮಾನದ ಕೆಲಸ. ನನ್ನ ತಲೆ ಕೆಡಿಸಿರೋದು ಬೇರೆ ವಿಷಯ. ಇವತ್ತು ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ರಾಶಿ ರಾಶಿ ಪೇಪರ್ ಬರುತ್ತಿವೆ. ಇವುಗಳಿಂದ ಯಾರಿಗೆ ಏನು ಸಿಗುತ್ತೆ? ಸರ್ಕಾರದ ದುಡ್ಡು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಸೇರುತ್ತೆ?

ಮೊದಲು ಹೊರಗಿನ ಒಂದು ಲೆಕ್ಕ ನೋಡೋಣ. ದಕ್ಷಿಣ ಆಫ್ರಿಕಾದಲ್ಲಿ ಇದು ನೇರಾನೇರ. ಅಲ್ಲಿನ ಉನ್ನತ ಶಿಕ್ಷಣ ಇಲಾಖೆ ಮಾನ್ಯ ಮಾಡಿದ ಪತ್ರಿಕೆಯಲ್ಲಿ ಒಂದು ಲೇಖನ ಬಂದರೆ ಒಂದು ಯೂನಿಟ್. ಲೇಖಕರು ಎರಡು ವಿಶ್ವವಿದ್ಯಾಲಯದವರಾದರೆ ಅರ್ಧರ್ಧ. ಪಿಎಚ್‌ಡಿ ಒಂದು ಮುಗಿದರೆ ಮೂರು ಯೂನಿಟ್. ಒಂದೊಂದು ಯೂನಿಟ್ಟಿಗೆ ಒಂದು ಲಕ್ಷ ರ‍್ಯಾಂಡ್‌ಗೂ ಹೆಚ್ಚು, ಅಂದರೆ ನಮ್ಮ ರೊಕ್ಕದಲ್ಲಿ ಐದು ಲಕ್ಷದ ಆಸುಪಾಸು. ದುಡ್ಡು ಹೋಗೋದು ವಿಶ್ವವಿದ್ಯಾಲಯಕ್ಕೆ. ಬರೆದವರಿಗೆಷ್ಟು, ವಿಭಾಗಕ್ಕೆಷ್ಟು, ಕೇಂದ್ರ ಖಾತೆಗೆಷ್ಟು ಅನ್ನೋದನ್ನ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಥರ ತೀರ್ಮಾನಿಸುತ್ತೆ. ಕೆಲವು ಕಡೆ ಬರೆದವರ ಸಂಶೋಧನಾ ಖಾತೆಗೆ ಒಂದು ಪಾಲು ಜಮಾ ಆಗುತ್ತೆ.

ಇದರಲ್ಲಿ ಕೆಡುಕೂ ಇದೆ. ಎಣಿಸಿ ದುಡ್ಡು ಕೊಟ್ಟರೆ ಜನ ಎಣಿಕೆ ಹೆಚ್ಚಿಸ್ತಾರೆ. 2017ರಲ್ಲಿ ಅಲ್ಲಿನವರೇ ಮಾಡಿದ ಅಧ್ಯಯನದ ಪ್ರಕಾರ 2005ರಿಂದ 2014ರವರೆಗೆ ಅವರ ದೇಶದ 4,246 ಲೇಖನಗಳು, ಕಾಸು ತಗೊಂಡು ಏನನ್ನಾದರೂ ಹಾಕುವಂಥವು ಅನ್ನಿಸಿದ 48 ಪತ್ರಿಕೆಗಳಲ್ಲಿ ಬಂದಿದ್ದವು. ಆದರೂ ಒಂದು ಮಾತು ಒಪ್ಪಬೇಕು. ಅಲ್ಲಿ ದುಡ್ಡು ಎಷ್ಟು ಅಂತ ಗೊತ್ತಿರೋದಕ್ಕೇ ಅದು ಎಷ್ಟು ಪೋಲಾಯ್ತು ಅಂತ ಲೆಕ್ಕ ಹಾಕೋಕಾಯ್ತು.

ನಮ್ಮಲ್ಲಿ?

ನಮ್ಮಲ್ಲಿ ಯುಜಿಸಿ ಒಂದು ಪೇಪರಿಗೆ ಇಷ್ಟು ಅಂತ ಚೆಕ್ ಬರೆಯೋದಿಲ್ಲ. ದುಡ್ಡು ಬರೋದು ಸುತ್ತುದಾರಿಯಲ್ಲಿ. ಮೊದಲು ಪೇಪರ್ ಅಂಕ ಆಗುತ್ತೆ, ಅಂಕ ಗ್ರೇಡ್ ಆಗುತ್ತೆ, ಆಮೇಲೆ ಗ್ರೇಡ್ ದುಡ್ಡಾಗುತ್ತೆ.

ಮೇಷ್ಟ್ರ ಅಂಕದ ಲೆಕ್ಕ ಶುರುವಾಗಿದ್ದು ಯುಜಿಸಿಯ 2010ರ ನಿಯಮದಿಂದ. ಎಪಿಐ ಅಂತ ಕರೀತಿದ್ದರು. ತಜ್ಞರು ಪರಿಶೀಲಿಸುವ ಪತ್ರಿಕೆಯಲ್ಲಿ ಲೇಖನ ಬಂದರೆ 15 ಅಂಕ, ಪರಿಶೀಲನೆ ಇಲ್ಲದಿದ್ದರೂ ಐಎಸ್‌ಎಸ್‌ಎನ್ ನಂಬರ್ ಇರುವ ಮಾನ್ಯ ಪತ್ರಿಕೆಯಾದರೆ 10. ಪಾಲುದಾರಿಕೆಗೂ ಲೆಕ್ಕ ಇತ್ತು: ಮುಖ್ಯ ಲೇಖಕರಿಗೆ ಮತ್ತು ಮಾರ್ಗದರ್ಶಕರಿಗೆ ಸೇರಿ ಶೇ. 60, ಉಳಿದವರೆಲ್ಲ ಶೇ. 40ರಲ್ಲಿ ಹಂಚಿಕೊಳ್ಳಬೇಕು. 2018ರ ನಿಯಮದಲ್ಲಿ ಇದು ವಿಜ್ಞಾನದವರಿಗೆ 8, ಭಾಷೆ ಮತ್ತು ಮಾನವಿಕದವರಿಗೆ 10 ಆಯ್ತು. ಬಡ್ತಿ, ನೇಮಕಾತಿ ಎಲ್ಲ ಇದರ ಮೇಲೆ.

ಅದೇ ಪೇಪರನ್ನು ಸಂಸ್ಥೆಯೂ ಎಣಿಸಿಕೊಳ್ಳುತ್ತೆ. ನ್ಯಾಕ್‌ನ 2017ರ ಚೌಕಟ್ಟಿನಲ್ಲಿ ವಿಶ್ವವಿದ್ಯಾಲಯಗಳಿಗೆ 1000 ಅಂಕದಲ್ಲಿ 250 ಅಂಕ ಸಂಶೋಧನೆ ಮತ್ತು ವಿಸ್ತರಣೆಯ ವಿಭಾಗಕ್ಕೇ. 2016ರಿಂದ ಬರುತ್ತಿರುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸಂಶೋಧನೆಯ ತೂಕ ಶೇ. 30. 2013ರ ರೂಸಾ ಯೋಜನೆಯಾಗಲಿ, 2023ರಲ್ಲಿ ಅದಕ್ಕೆ ಬಂದ ಹೊಸ ರೂಪ ಪಿಎಂ-ಉಷಾ ಆಗಲಿ, ಇಂಥ ಗ್ರೇಡುಗಳು ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಇನ್ನು 12ಬಿ ಅಂತ ಒಂದಿದೆ. 1972ರ ಜೂನ್ ನಂತರ ಹುಟ್ಟಿದ ವಿಶ್ವವಿದ್ಯಾಲಯ ಆ ಸೆಕ್ಷನ್ನಿನ ಮಾನ್ಯತೆ ಪಡೆಯದೆ ಕೇಂದ್ರದ ಅನುದಾನ ಪಡೆಯುವಂತಿಲ್ಲ. ಗುಲಬರ್ಗಾ ವಿವಿ ಶುರುವಾಗಿದ್ದು 1980ರಲ್ಲಿ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಈಗ ಸೇರಿರುವ ರಾಯಚೂರಿನ ವಿಶ್ವವಿದ್ಯಾಲಯ ಅದಕ್ಕಿಂತ ಎಷ್ಟೋ ಚಿಕ್ಕದು. ಮೈಸೂರು, ಬೆಂಗಳೂರಿನವರು ಅರ್ಧ ದಾರಿ ಮುಗಿಸಿದ ಮೇಲೆ ನಮ್ಮವರು ಬೂಟು ಹಾಕಿಕೊಳ್ತಿದ್ದಾರೆ.

ಈಗ ಪಾಲು ನೋಡಿ. ಗ್ರೇಡ್ ಬಂದಾಗ ಬ್ಯಾನರ್ ಹಾಕೋದು ಸಂಸ್ಥೆ. ಪೇಪರ್ ಹಾಕಿಸೋ ಖರ್ಚು ಮಾತ್ರ ಬಹಳ ಸಲ ಮೇಷ್ಟ್ರ ಜೇಬಿನಿಂದ. ಅದರಲ್ಲೂ ಅತಿಥಿ ಉಪನ್ಯಾಸಕರ ಪಾಡು ಕೇಳಬೇಡಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರೋರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿಗಳು. ಅವರಿಗೆ ಬಡ್ತಿ ಅನ್ನೋದೇ ಇಲ್ಲ. ಮುಂದೆಂದೋ ಕರೆಯುವ ನೇಮಕಾತಿಗೆ ಇರಲಿ ಅಂತ ಬರೀತಾರೆ. ಶಹಾಪುರದ ಕಡೆಯ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ್ದು: "ಅಣ್ಣಾ, ಅವ್ರು ಓದಂಗಿಲ್ಲ ಏನಿಲ್ಲ. ರೊಕ್ಕ ಕಳ್ಸಿದ್ರ ಸಾಕು, ಮೂರು ದಿನದಾಗ ಹಾಕಿ ಸರ್ಟಿಫಿಕೇಟ್ ಕಳಸ್ತಾರ." ವಾಟ್ಸಾಪ್ ಗುಂಪುಗಳಲ್ಲಿ ಇಂಥ ಜಾಹೀರಾತು ನೀವೂ ನೋಡಿರ್ತೀರಿ.

ಇದು ಬರೀ ಗಾಳಿಮಾತಲ್ಲ. ಯುಜಿಸಿಯೇ ಮಾನ್ಯ ಮಾಡಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಸೇರಿಸಿದ್ದ 1,009 ಪತ್ರಿಕೆಗಳನ್ನು ಅದೇ ವರ್ಷ ಒಂದು ತಂಡ ಪರಿಶೀಲಿಸಿದಾಗ ಶೇ. 88ರಷ್ಟು ಜೊಳ್ಳು. ಆಮೇಲೆ 2019ರಲ್ಲಿ 'ಕೇರ್' ಪಟ್ಟಿ ಬಂತು. ಪಿಎಚ್‌ಡಿ ಪ್ರಬಂಧ ಕೊಡುವ ಮೊದಲು ಪೇಪರ್ ಪ್ರಕಟ ಆಗಿರಲೇಬೇಕು ಅನ್ನೋ ನಿಯಮ 2022ರಲ್ಲಿ ಹೋಯ್ತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೂ ನಿಲ್ಲಿಸಿ, ಒಳ್ಳೆ ಪತ್ರಿಕೆ ಯಾವುದು ಅಂತ ನೀವೇ ತೀರ್ಮಾನಿಸಿಕೊಳ್ಳಿ ಎಂದು ಸಂಸ್ಥೆಗಳಿಗೇ ಬಿಟ್ಟಿತು.

ಇದೇ ನಾನು ಹೇಳಬೇಕೆಂದಿರೋ ಜಾಗ. ಪಟ್ಟಿ ಮಾಡೋ ಅಧಿಕಾರ ಈಗ ವಿಶ್ವವಿದ್ಯಾಲಯದ ಕೈಗೆ ಬಂದಿದೆ. ಹಳೆ ಚಾಳಿ ಮುಂದುವರಿಸಿ ಇನ್ನಷ್ಟು ಜೊಳ್ಳು ತುಂಬಬಹುದು. ಇಲ್ಲಾ, ಇಷ್ಟು ದಿನ ಯಾರೂ ಕೊಡದ ಪಾಲನ್ನು ಕನ್ನಡಕ್ಕೆ ಕೊಡಬಹುದು.

ಎನ್‌ಐಆರ್‌ಎಫ್ ಪೇಪರ್ ಎಣಿಸೋದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಅನ್ನೋ ವಿದೇಶಿ ಕಂಪನಿಗಳ ದತ್ತಾಂಶದಿಂದ. ಕನ್ನಡದ ಪತ್ರಿಕೆ ಅಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಎಂ.ಎಂ. ಕಲಬುರ್ಗಿಯವರು ಬದುಕಿಡೀ ಸಂಶೋಧನೆ ಬರೆದದ್ದು ಕನ್ನಡದಲ್ಲಿ. 'ಮಾರ್ಗ' ನಾಲ್ಕನೇ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಈ ರ‍್ಯಾಂಕಿಂಗಿನ ಲೆಕ್ಕದಲ್ಲಿ ಅಂಥ ಬರಹಕ್ಕೆ ಸಿಗೋದು ಸೊನ್ನೆ. ಮುದನೂರಿನ ದೇವರ ದಾಸಿಮಯ್ಯನ ಬಗ್ಗೆಯೋ, ಕೊಡೇಕಲ್ ಬಸವಣ್ಣನ ಕಾಲಜ್ಞಾನದ ಬಗ್ಗೆಯೋ ಸುರಪುರದ ಮೇಷ್ಟ್ರೊಬ್ಬರು ಹತ್ತು ವರ್ಷ ಹಸ್ತಪ್ರತಿ ಹುಡುಕಿ ಕನ್ನಡದಲ್ಲಿ ಬರೆದರೆ, ಆ ಎಣಿಕೆಯಲ್ಲಿ ಅವರ ವಿಶ್ವವಿದ್ಯಾಲಯಕ್ಕೆ ಚಿಕ್ಕಾಸಿನ ಉಪಯೋಗ ಇಲ್ಲ. ಮೂರು ದಿನದ ಇಂಗ್ಲಿಷ್ ಪೇಪರಿಗಾದರೂ ಎಲ್ಲೋ ಒಂದು ಕಡೆ ಅಂಕ ಗಿಟ್ಟುತ್ತೆ. ಹೀಗಿದ್ದಾಗ ಯಾರು ಹಸ್ತಪ್ರತಿ ಹುಡುಕ್ತಾರೆ ಹೇಳಿ?

ದುಡ್ಡೇ ಇಲ್ಲ ಅನ್ನೋ ಹಾಗೂ ಇಲ್ಲ. 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೊತ್ತ ಮೂರು ವರ್ಷಕ್ಕೆ 6,000 ಕೋಟಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಓದಲು ಸಿಗಲಿ ಅಂತ. ಒಳ್ಳೆಯದೇ, ನಮ್ಮ ಹುಡುಗರೂ ಓದಲಿ. ಇದರ ಜೊತೆಗೆ ಆಯ್ದ ಪತ್ರಿಕೆಗಳಲ್ಲಿ ಪ್ರಕಟಿಸುವ ಶುಲ್ಕಕ್ಕೂ ವರ್ಷಕ್ಕೆ 150 ಕೋಟಿ. ಇಷ್ಟು ದೊಡ್ಡ ಗಂಟಿನಲ್ಲಿ ಕನ್ನಡದಲ್ಲಿ ಸಂಶೋಧನೆ ಪ್ರಕಟಿಸೋದಕ್ಕೆ ಒಂದು ಚಿಟಿಕೆ ಎತ್ತಿಟ್ಟರೆ ಏನು ಕಡಿಮೆ ಆಗ್ತಿತ್ತು?

ನನ್ನ ಲೆಕ್ಕದಲ್ಲಿ ನಾಲ್ಕು ಕೆಲಸ ಆಗಬೇಕು.

1. ಪ್ರತಿ ವಿಶ್ವವಿದ್ಯಾಲಯ ತಾನು ಒಪ್ಪುವ ಪತ್ರಿಕೆಗಳ ಪಟ್ಟಿಯನ್ನು ಕಾರಣ ಸಹಿತ ಬಹಿರಂಗವಾಗಿ ಹಾಕಲಿ. ಕನ್ನಡದಲ್ಲಿ ನಿಜವಾಗಿ ಓದಿ, ತಿದ್ದಿ ಹಾಕುವ ಪತ್ರಿಕೆಗಳಿಗೆ ಅದರಲ್ಲಿ ಪೂರ್ತಿ ಅಂಕ ಇರಲಿ. 'ಪ್ರಬುದ್ಧ ಕರ್ನಾಟಕ', 'ಕರ್ನಾಟಕ ಭಾರತಿ', 'ಸಾಧನೆ' ಇವನ್ನೆಲ್ಲ ಹುಟ್ಟುಹಾಕಿದ ನಾಡು ಇದು. ಕನ್ನಡದಲ್ಲಿ ಸಂಶೋಧನಾ ಪತ್ರಿಕೆ ಹೇಗೆ ನಡೆಸೋದು ಅಂತ ಹೊಸದಾಗಿ ಕಲಿಯಬೇಕಿಲ್ಲ.

2. ಸಂಶೋಧನೆ ಹೆಸರಿನಲ್ಲಿ ಬಂದ ದುಡ್ಡು ಎಷ್ಟು, ವಿಭಾಗಕ್ಕೆ ಎಷ್ಟು ಹೋಯ್ತು, ಪ್ರಕಟಣೆ ಶುಲ್ಕ ಯಾರು ಕಟ್ಟಿದರು ಅನ್ನೋದನ್ನ ವರ್ಷಕ್ಕೊಮ್ಮೆ ವೆಬ್‌ಸೈಟಿನಲ್ಲಿ ಹಾಕಲಿ.

3. ಅತಿಥಿ ಉಪನ್ಯಾಸಕರ ಪೇಪರನ್ನು ಸಂಸ್ಥೆಯ ಸಾಧನೆ ಅಂತ ತೋರಿಸಿಕೊಂಡರೆ ಅವರಿಗೂ ಪಾಲು ಸಲ್ಲಲಿ. ಕನಿಷ್ಠ ಕ್ಷೇತ್ರಕಾರ್ಯದ ಬಸ್ ಚಾರ್ಜು, ಟೈಪಿಂಗ್ ಖರ್ಚಾದರೂ.

4. ಒಂದು ಊರಿನ ಮೇಲೆ ಪೇಪರ್ ಬರೆದರೆ ಅದರ ಕನ್ನಡ ರೂಪ ಆ ತಾಲೂಕಿನ ಗ್ರಂಥಾಲಯಕ್ಕೆ ಸೇರಲಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಸಂಶೋಧನಾ ಲೇಖನ ಅನುವಾದ ಮಾಡಿದರೆ 3 ಅಂಕ ಅಂತ ಯುಜಿಸಿಯ 2018ರ ನಿಯಮದಲ್ಲೇ ಇತ್ತು! ಅಂಕಕ್ಕಾಗಿ ಜೊಳ್ಳು ಪೇಪರ್ ಬರೆಯೋ ಬದಲು ಇಸಾಂಪುರದ ಪೇಪರನ್ನು ಕನ್ನಡಕ್ಕೆ ತಂದರೆ ಮೇಷ್ಟ್ರಿಗೂ ಲಾಭ, ಊರಿಗೂ ಲಾಭ.

"ಕನ್ನಡಕ್ಕೆ ಪೂರ್ತಿ ಅಂಕ ಕೊಟ್ಟರೆ ಕನ್ನಡದಲ್ಲೂ ಮೂರು ದಿನದ ಪತ್ರಿಕೆ ಹುಟ್ಟಿಕೊಳ್ತವೆ" ಅಂತ ಯಾರಾದರೂ ಹೇಳಬಹುದು. ಖಂಡಿತ ಹುಟ್ಟಿಕೊಳ್ತವೆ, ಈಗಾಗಲೇ ಇವೆ ಕೂಡ. ಆದರೆ ಕನ್ನಡದ ಜೊಳ್ಳನ್ನು ಹಿಡಿಯೋದು ಸುಲಭ. ಸುರಪುರದ ನಾಯಕರ ಬಗ್ಗೆ ಯಾರೋ ಬಾಯಿಗೆ ಬಂದಂತೆ ಬರೆದರೆ, ಕನ್ನಡದಲ್ಲಿದ್ದರೆ ಸುರಪುರದವರೇ ಓದಿ ತಪ್ಪು ತೋರಿಸ್ತಾರೆ. ಯಾರೂ ಓದದ ಇಂಗ್ಲಿಷ್ ಪತ್ರಿಕೆಯಲ್ಲಿ ಆ ಭಯ ಇಲ್ಲ. ಅದಕ್ಕೇ ಅಲ್ಲಿ ಅಷ್ಟು ಗದ್ದಲ.

ಸರ್ಕಾರ ಸಂಶೋಧನೆಗೆ ಕೊಡೋ ದುಡ್ಡಿನಲ್ಲಿ ಹುಣಸಗಿಯ ಹತ್ತಿ ಬೆಳೆಯುವವನ ತೆರಿಗೆಯೂ ಇದೆ, ಯಾದಗಿರಿ ಪೇಟೆಯ ಅಂಗಡಿಯವನ ತೆರಿಗೆಯೂ ಇದೆ. ಅವರ ಹೊಲದ ಕಲ್ಲಿನ ಮೇಲೆ ಬರೆದ ಪೇಪರ್ ಅವರ ಮಕ್ಕಳು ಓದುವ ಭಾಷೆಯಲ್ಲಿ ಸಿಗಬೇಕು ಅನ್ನೋದು ದೊಡ್ಡ ಬೇಡಿಕೆ ಏನಲ್ಲ.

ನಿಮ್ಮಲ್ಲಿ ಮೇಷ್ಟ್ರುಗಳು, ಪಿಎಚ್‌ಡಿ ಮಾಡ್ತಿರೋರು ಬಹಳ ಜನ ಇದ್ದೀರಿ. ನಿಮ್ಮ ಕಡೆಯ ವಿಶ್ವವಿದ್ಯಾಲಯದಲ್ಲಿ ಹೊಸ ಪಟ್ಟಿ ಯಾರು ಮಾಡ್ತಿದ್ದಾರೆ, ಅದರಲ್ಲಿ ಕನ್ನಡದ ಪತ್ರಿಕೆ ಎಷ್ಟಿವೆ? ಒಮ್ಮೆ ವಿಚಾರಿಸಿ ನೋಡಿ, ಗೊತ್ತಾದರೆ ಬರೀರಿ.