ಗಲ್ಫ್‌ಗೆ ಫ್ಯಾಮಿಲಿ ಕರಕೊಂಡು ಹೋಗ್ತೀರಾ? ಮಗುವಿನ ಹಳೇ ಕಾಯಿಲೆಗೆ ಇನ್ಶೂರೆನ್ಸ್ ಉಂಟಾ ಅಂತ ಮೊದಲು ಕೇಳಿ

ಕುಂದಾಪುರ: ಕುಂದಾಪುರ, ಬೈಂದೂರು, ಪಕ್ಕದ ಭಟ್ಕಳ ಕಡೆ ಗಲ್ಫ್ ಅಂದ್ರೆ ದೂರದ ಊರಲ್ಲ. ಹಿಂದೆ ಹೆಚ್ಚಿನ ಮನೆಗಳಲ್ಲಿ ಗಂಡಸರು ಮಾತ್ರ ಹೋಗಿ ಎರಡು ವರ್ಷಕ್ಕೊಮ್ಮೆ ಬರ್ತಿದ್ರು. ಈಗ ಸಂಬಳ ಸ್ವಲ್ಪ ಚೆನ್ನಾಗಿದ್ರೆ ಹೆಂಡತಿ, ಮಕ್ಕಳನ್ನೂ ಕರೆಸಿಕೊಳ್ಳುವವರು ಇದ್ದಾರೆ. ವೀಸಾ, ಟಿಕೆಟ್, ಬಾಡಿಗೆ ಮನೆ, ಶಾಲೆ ಫೀಸು ಎಲ್ಲದರ ಲೆಕ್ಕ ಹಾಕಿ ಆಗಿರ್ತದೆ. ಒಂದು ಪ್ರಶ್ನೆ ಮಾತ್ರ ಕೊನೆಗೆ ಉಳೀತದೆ: ಮಗುವಿಗೆ ಮೊದಲೇ ಒಂದು ಕಾಯಿಲೆ ಇದ್ರೆ ಎಂತ ಮಾಡುದು?

ಒಂದು ಮನೆಯ ಲೆಕ್ಕ ಹಿಡಿಯಿರಿ. ಅಪ್ಪನಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ. ಏಳು ವರ್ಷದ ಮಗಳಿಗೆ ಟೈಪ್-1 ಸಕ್ಕರೆ ಕಾಯಿಲೆ. ಊಟ, ತಿಂಡಿಗೆ ಮೊದಲು ಮತ್ತು ರಾತ್ರಿ ಅಂತ ದಿನಕ್ಕೆ ನಾಲ್ಕು ಸಲವಾದರೂ ಇನ್ಸುಲಿನ್ ಚುಚ್ಚಬೇಕು. ಬೆರಳು ಚುಚ್ಚಿ ಸಕ್ಕರೆ ನೋಡುವ ಸ್ಟ್ರಿಪ್ ಬೇರೆ. ಇದು ಒಂದು ವಾರ ಬಿಟ್ಟು ಆಮೇಲೆ ನೋಡುವಾ ಅನ್ನುವ ಕಾಯಿಲೆ ಅಲ್ಲ. ಒಂದೆರಡು ದಿನ ಇನ್ಸುಲಿನ್ ತಪ್ಪಿದ್ರೂ ಜೀವಕ್ಕೇ ಅಪಾಯ. ಹಾಗಾಗಿ ಈ ಮನೆಗೆ ಬೇಕಾದ್ದು ಬರೀ ಇನ್ಶೂರೆನ್ಸ್ ಕಾರ್ಡ್ ಅಲ್ಲ, ಇಳಿದ ದಿನದಿಂದಲೇ ಕೆಲಸ ಮಾಡುವ ಕಾರ್ಡ್.

ಏನು ಬದಲಾಗಿದೆ?

ಯುಎಇ ದೇಶದಲ್ಲಿ ದುಬೈ ಮತ್ತು ಅಬುಧಾಬಿಯಲ್ಲಿ ಆರೋಗ್ಯ ವಿಮೆ ಕಡ್ಡಾಯವಾಗಿ ವರ್ಷಗಳೇ ಆದವು. 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್, ಉಮ್ಮುಲ್ ಖುವೈನ್, ರಾಸ್ ಅಲ್ ಖೈಮಾ, ಫುಜೈರಾದಲ್ಲೂ ಖಾಸಗಿ ಕಂಪನಿ ನೌಕರರು ಮತ್ತು ಮನೆಗೆಲಸದವರಿಗೆ ವಿಮೆ ಇಲ್ಲದೆ ರೆಸಿಡೆನ್ಸಿ ವೀಸಾ ಆಗುವುದಿಲ್ಲ, ರಿನ್ಯೂವಲ್ ಕೂಡ ಆಗುವುದಿಲ್ಲ.

ಇದರಿಂದ ಒಂದು ಒಳ್ಳೆಯದಾಗಿದೆ. ಕಾಯಿಲೆ ಇರುವ ಮಗುವಿಗೆ ಕಾರ್ಡೇ ಸಿಗುವುದಿಲ್ಲ ಅನ್ನುವ ಹೆದರಿಕೆ ಮೊದಲಿನಷ್ಟು ಇಲ್ಲ. ವೀಸಾಕ್ಕಾಗಿ ಮಾಡುವ ಮೆಡಿಕಲ್ ಟೆಸ್ಟ್ ಕೂಡ ಯುಎಇಯಲ್ಲಿ 18 ವರ್ಷ ಆದವರಿಗೆ ಮಾತ್ರ. ಮಗುವಿಗೆ ಸಕ್ಕರೆ ಕಾಯಿಲೆ, ಆಸ್ತಮಾ ಇದೆ ಅಂತ ಆ ಟೆಸ್ಟಿನಲ್ಲಿ ವೀಸಾ ನಿಲ್ಲುವ ಪ್ರಶ್ನೆ ಬರುವುದಿಲ್ಲ.

ಆದ್ರೆ ಸಮಸ್ಯೆ ಮುಗಿದಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ಮೊದಲು ಬಾಗಿಲಲ್ಲೇ ತಡೆ ಇತ್ತು. ಈಗ ಬಾಗಿಲು ತೆರೆದಿದೆ, ತಡೆ ಒಳಗಿದೆ. ಕಾಯುವ ಅವಧಿ ಒಂದು, ಔಷಧದ ಮಿತಿ ಇನ್ನೊಂದು. ಈ ಎರಡನ್ನು ಓದದೆ ಕಾರ್ಡ್ ತಗೊಂಡ್ರೆ ಕೈಯಿಂದ ದುಡ್ಡು ಹೋಗುವುದು ಖಂಡಿತ.

ಎಮಿರೇಟ್ ಬದಲಾದ್ರೆ ರೂಲ್ಸ್ ಬದಲು

ದುಬೈ, ಶಾರ್ಜಾ ಪಕ್ಕಪಕ್ಕದಲ್ಲೇ ಇವೆ. ಆದ್ರೆ ವೀಸಾ ಎಲ್ಲಿಯದ್ದು ಅನ್ನುವುದರ ಮೇಲೆ ವಿಮೆಯ ನಿಯಮ ನಿಲ್ಲುತ್ತದೆ.

ದುಬೈಯಲ್ಲಿ ನೌಕರನ ವಿಮೆ ಮಾಲೀಕನ ಹೊಣೆ. ಕುಟುಂಬದ್ದು ಸ್ಪಾನ್ಸರ್ ಹೊಣೆ, ಅಂದ್ರೆ ಸಾಮಾನ್ಯವಾಗಿ ಅಪ್ಪನದ್ದೇ. ಕಂಪನಿ ಒಪ್ಪಿದ್ರೆ ಕುಟುಂಬಕ್ಕೂ ಕೊಡಬಹುದು, ಕೊಡಲೇಬೇಕು ಅಂತಿಲ್ಲ. ಅಲ್ಲಿನ ಕನಿಷ್ಠ ಪ್ಲಾನಿನಲ್ಲಿ ವರ್ಷಕ್ಕೆ 1,50,000 ದಿರ್ಹಂ ತನಕ ಚಿಕಿತ್ಸೆ ಇದೆ. ಕೇಳಲು ದೊಡ್ಡ ಮೊತ್ತ. ಆದ್ರೆ ಮೊದಲ ಸಲ ಆ ವ್ಯವಸ್ಥೆಗೆ ಸೇರುವವರಿಗೆ ಹಳೇ ಕಾಯಿಲೆ, ದೀರ್ಘಕಾಲದ ಕಾಯಿಲೆಗಳ ಚಿಕಿತ್ಸೆಗೆ ಆರು ತಿಂಗಳು ಕಾಯಬೇಕು. ಎಮರ್ಜೆನ್ಸಿ ಆದ್ರೆ ಮಾತ್ರ ಆ ಆರು ತಿಂಗಳಲ್ಲೂ ನೋಡ್ತಾರೆ.

ಇದನ್ನು ಮೇಲಿನ ಮಗುವಿಗೆ ಹಿಡಿದು ನೋಡಿ. ಇನ್ಸುಲಿನ್ ಸಿಗದೆ ಸಕ್ಕರೆ ಏರಿ ಮಗು ಪ್ರಜ್ಞೆ ತಪ್ಪಿದ್ರೆ ಅದು ಎಮರ್ಜೆನ್ಸಿ, ವಿಮೆ ಇದೆ. ಮಗು ಪ್ರಜ್ಞೆ ತಪ್ಪದ ಹಾಗೆ ದಿನಾ ಕೊಡಬೇಕಾದ ಇನ್ಸುಲಿನ್‌ಗೆ ಆರು ತಿಂಗಳು ವಿಮೆ ಇಲ್ಲ. ಅಷ್ಟು ದಿನದ ಖರ್ಚು ಮನೆಯವರದ್ದೇ.

ಶಾರ್ಜಾ ಮತ್ತು ಉಳಿದ ನಾಲ್ಕು ಎಮಿರೇಟ್‌ಗಳ ಹೊಸ ಬೇಸಿಕ್ ಪ್ಯಾಕೇಜ್‌ನಲ್ಲಿ ಲೆಕ್ಕ ಉಲ್ಟಾ. ವರ್ಷಕ್ಕೆ 320 ದಿರ್ಹಂ. 1ರಿಂದ 64 ವರ್ಷದವರಿಗೆ ಇದು ಅನ್ವಯ. ಕುಟುಂಬದವರನ್ನೂ ಇದೇ ದರದಲ್ಲಿ ಸೇರಿಸಬಹುದು. ದೀರ್ಘಕಾಲದ ಕಾಯಿಲೆ ಇದ್ರೂ ಕಾಯುವ ಅವಧಿ ಇಲ್ಲ. ಆದ್ರೆ ಔಷಧಕ್ಕೆ ವರ್ಷಕ್ಕೆ 1,500 ದಿರ್ಹಂ ಮಿತಿ, ಅದರಲ್ಲೂ ಶೇ. 30 ರೋಗಿಯೇ ಕೊಡಬೇಕು. 1,500 ದಿರ್ಹಂ ಅಂದ್ರೆ ತಿಂಗಳಿಗೆ 125 ದಿರ್ಹಂ, ನಮ್ಮ ಲೆಕ್ಕದಲ್ಲಿ ಸುಮಾರು 3 ಸಾವಿರ ರೂಪಾಯಿ ಅಷ್ಟೇ. ಜ್ವರ, ಶೀತಕ್ಕೆ ಇದು ಧಾರಾಳ. ದಿನಾ ಇನ್ಸುಲಿನ್ ಬೇಕಾದ ಮಗುವಿಗೆ ವರ್ಷ ಪೂರ್ತಿ ಸಾಕಾಗ್ತದೆ ಅಂತ ನಂಬಿ ಹೋಗುವ ಹಾಗಿಲ್ಲ.

ಅಂದ್ರೆ ದುಬೈಯಲ್ಲಿ ಒಟ್ಟು ಮಿತಿ ದೊಡ್ಡದು, ಆದ್ರೆ ಕಾಯಬೇಕು. ಶಾರ್ಜಾದಲ್ಲಿ ಕಾಯಬೇಕಿಲ್ಲ, ಆದ್ರೆ ಔಷಧದ ಮಿತಿ ಸಣ್ಣದು.

ಅಬುಧಾಬಿಯಲ್ಲಿ ನೌಕರನ ಜೊತೆ ಸಂಗಾತಿ ಮತ್ತು 18 ವರ್ಷದೊಳಗಿನ ಮೂವರು ಮಕ್ಕಳ ತನಕ ವಿಮೆ ಮಾಲೀಕನದ್ದೇ ಹೊಣೆ. ಸೌದಿಯಲ್ಲೂ ಖಾಸಗಿ ಕಂಪನಿಯವರು ನೌಕರನ ಜೊತೆ ಅವನ ಅವಲಂಬಿತರಿಗೂ ವಿಮೆ ಮಾಡಿಸಬೇಕು. ಎರಡು ಕಡೆಯ ಆಫರ್ ಕೈಯಲ್ಲಿದ್ರೆ ಬರೀ ಸಂಬಳ ಹೋಲಿಸಿ ಪ್ರಯೋಜನವಿಲ್ಲ. ವಿಮೆ ಯಾರ ತಲೆ ಮೇಲೆ ಅನ್ನುವುದನ್ನೂ ಅದಕ್ಕೆ ಸೇರಿಸಬೇಕು.

ಅಪ್ಪನ ಆರು ತಿಂಗಳು ಬೇರೆ, ಮಗುವಿನದ್ದು ಬೇರೆ

ಅಪ್ಪ ಮೊದಲು ಹೋಗಿ, ನೆಲೆ ನಿಂತ ಮೇಲೆ ಫ್ಯಾಮಿಲಿ ಕರೆಸುವುದು ನಮ್ಮ ಕಡೆಯ ಕ್ರಮ. ಇಲ್ಲಿ ಒಂದು ತಪ್ಪು ಲೆಕ್ಕ ಆಗುವ ಸಂಭವ ಇದೆ. "ಅವರು ಹೋಗಿ ಆರು ತಿಂಗಳಾಯ್ತಲ್ಲ, ಇನ್ನು ಎಲ್ಲ ಕವರ್ ಆಗ್ತದೆ" ಅಂತ ಮನೆಯವರು ಅಂದುಕೊಳ್ಳಬಹುದು. ಕಾಯುವ ಅವಧಿ ಒಬ್ಬೊಬ್ಬರದ್ದೂ ಬೇರೆ. ಮಗುವಿನ ಹೆಸರು ವಿಮೆಗೆ ಸೇರಿದ ದಿನದಿಂದ ಮಗುವಿನ ಆರು ತಿಂಗಳು ಶುರು.

ಒಮ್ಮೆ ಅದು ಮುಗಿದ ಮೇಲೆ ಕೆಲಸ ಬದಲಾಯಿಸಿದ್ರೂ ಮತ್ತೆ ಮೊದಲಿನಿಂದ ಕಾಯಬೇಕಾಗಿಲ್ಲ. ಆದ್ರೆ ಮಧ್ಯೆ ವಿಮೆ ತುಂಡಾಗಬಾರದು. ಹಳೇ ಕಂಪನಿಯ ವಿಮೆ ಯಾವ ದಿನದಿಂದ ಯಾವ ದಿನದ ತನಕ ಇತ್ತು ಅನ್ನುವ ಸರ್ಟಿಫಿಕೇಟ್ ಬರೆಸಿಕೊಂಡೇ ಕೆಲಸ ಬಿಡಬೇಕು.

ಫಾರ್ಮಿನಲ್ಲಿ 'ಇಲ್ಲ' ಅಂತ ಟಿಕ್ ಹಾಕಿದ್ರೆ?

ವಿಮೆ ಫಾರ್ಮಿನಲ್ಲಿ ಒಂದು ಪ್ರಶ್ನೆ ಇರ್ತದೆ: ಮೊದಲೇ ಏನಾದ್ರೂ ಕಾಯಿಲೆ ಇದೆಯಾ? ಫಾರ್ಮ್ ತುಂಬಿಸುವವರು ಬೇಗ ಕೆಲಸ ಮುಗಿಯಲಿ ಅಂತ ಎಲ್ಲದಕ್ಕೂ 'ಇಲ್ಲ' ಹಾಕಿ ಕೊಟ್ಟುಬಿಡಬಹುದು. ಪ್ರೀಮಿಯಂ ಜಾಸ್ತಿ ಆಗ್ತದೆ ಅಂತ ಮನೆಯವರೂ ಸುಮ್ಮನಾಗುವುದುಂಟು.

ಅಲ್ಲಿ ಸಹಿ ಇರುವುದು ಏಜೆಂಟನದ್ದಲ್ಲ, ಅಪ್ಪನದ್ದು. ಹೃದಯದ ತೊಂದರೆ, ಸಕ್ಕರೆ, ಫಿಟ್ಸ್, ತಲಸ್ಸೇಮಿಯಾ ಇಂಥವು ಮುಚ್ಚಿಡಲು ಆಗುವ ಕಾಯಿಲೆಗಳಲ್ಲ. ಆಸ್ಪತ್ರೆಗೆ ಹೋದ ಮೊದಲ ದಿನವೇ ಡಾಕ್ಟರ್ "ಯಾವಾಗಿಂದ?" ಅಂತ ಕೇಳ್ತಾರೆ, ತಾಯಿ "ಮೂರು ವರ್ಷದಿಂದ" ಅಂತಾಳೆ, ಅದು ಫೈಲಿನಲ್ಲಿ ಬರೆದಾಗ್ತದೆ. ಆಮೇಲೆ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಲು ಅಷ್ಟು ಸಾಕು. ಹೇಳಿದ್ರೆ ಪ್ರೀಮಿಯಂ ಏರಬಹುದು, ಕಾಯಬೇಕಾಗಬಹುದು. ಮುಚ್ಚಿಟ್ರೆ ಕಟ್ಟಿದ ಪ್ರೀಮಿಯಮ್ಮೇ ದಂಡ.

ಅಲ್ಲಿ ಅಂಗಡಿ, ಹೋಟೆಲ್ ಹಾಕುವವರಿಗೆ

ಕೆಲಸಕ್ಕೆ ಹೋಗುವವರಿಗಿಂತ ವ್ಯಾಪಾರಕ್ಕೆ ಹೋಗುವವರು ಇನ್ನೂ ಜಾಗ್ರತೆ ಮಾಡಬೇಕು. ಹೋಟೆಲ್, ಬೇಕರಿ, ಸೂಪರ್ ಮಾರ್ಕೆಟ್‌ನಲ್ಲಿ ಪಾಲು ಹಾಕಿ ಪಾರ್ಟ್‌ನರ್ ವೀಸಾದಲ್ಲಿ ಹೋಗುವವನಿಗೆ ಮೇಲೆ ಮಾಲೀಕ ಇಲ್ಲ. ತನ್ನ ವಿಮೆ, ಮಕ್ಕಳ ವಿಮೆ ಎಲ್ಲ ಅವನದ್ದೇ.

ದೊಡ್ಡ ಕಂಪನಿಯವರು ನೂರಾರು ನೌಕರರಿಗೆ ಒಟ್ಟಿಗೆ ಗ್ರೂಪ್ ವಿಮೆ ಮಾಡಿಸುವಾಗ ಒಬ್ಬೊಬ್ಬರ ಕಾಯಿಲೆ ಕೇಳುವುದು ಕಡಿಮೆ. ಮನೆಯವರಷ್ಟೇ ಬಿಡಿಯಾಗಿ ಕೊಳ್ಳುವಾಗ ವಿಮಾ ಕಂಪನಿ ಎಲ್ಲ ಕೇಳ್ತದೆ, ರಿಪೋರ್ಟ್ ಬೇಕು ಅಂತದೆ, ದರ ಏರಿಸ್ತದೆ. ಹಾಗಾಗಿ ಮಗುವಿಗೆ ಕಾಯಿಲೆ ಇದ್ದವರು ಬಂಡವಾಳದ ಲೆಕ್ಕದಲ್ಲೇ ಈ ಖರ್ಚನ್ನೂ ಬರೆದಿಡಬೇಕು.

ಇವು ಮಗುವಿನ ಕಾಯಿಲೆಗೆ ಅಲ್ಲ

ಮೂರು ವಿಷಯದಲ್ಲಿ ಗೊಂದಲ ಬೇಡ. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸ್ತಾರೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ಅದರಲ್ಲಿರುವ 10 ಲಕ್ಷ ರೂಪಾಯಿ, ಕೆಲಸಕ್ಕೆ ಹೋದವನು ಅಪಘಾತದಲ್ಲಿ ತೀರಿಕೊಂಡ್ರೆ ಅಥವಾ ಶಾಶ್ವತ ಅಂಗವಿಕಲನಾದ್ರೆ ಸಿಗುವುದು. ಮಗುವಿನ ದಿನದ ಔಷಧಕ್ಕೆ ಅಲ್ಲ.

ಟಿಕೆಟ್ ಜೊತೆ ಮಾಡಿಸುವ ಟ್ರಾವೆಲ್ ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಹಳೇ ಕಾಯಿಲೆಯ ಮಾಮೂಲಿ ಚಿಕಿತ್ಸೆಗೆ ಸಿಗುವುದಿಲ್ಲ. ಆಯುಷ್ಮಾನ್ ಕಾರ್ಡ್ ಗಲ್ಫಿನ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ.

ಊರಿನ ಪಾಲಿಸಿ ನಿಲ್ಲಿಸಬೇಡಿ

"ಅಲ್ಲಿ ಕಾರ್ಡ್ ಸಿಕ್ತಲ್ಲ, ಇಲ್ಲಿ ಯಾಕೆ ಸುಮ್ಮನೆ ಕಟ್ಟುದು" ಅಂತ ಊರಿನ ಹೆಲ್ತ್ ಪಾಲಿಸಿ ಬಿಟ್ಟುಬಿಡಬೇಡಿ. ಇಲ್ಲಿ ಹಳೇ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ನಾಲ್ಕು ವರ್ಷ ಇದ್ದದ್ದನ್ನು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಮೂರು ವರ್ಷಕ್ಕೆ ಇಳಿಸಿತು. ಐದು ವರ್ಷ ಸತತವಾಗಿ ಕಟ್ಟಿದ ಪಾಲಿಸಿಯಲ್ಲಿ, ಮೋಸ ಸಾಬೀತಾದ್ರೆ ಬಿಟ್ಟು, ಕಾಯಿಲೆ ಹೇಳಿರಲಿಲ್ಲ ಅಂತ ಕ್ಲೇಮ್ ತಳ್ಳುವ ಹಾಗಿಲ್ಲ. ಪಾಲಿಸಿ ನಿಂತ್ರೆ ಈ ವರ್ಷಗಳೆಲ್ಲ ನೀರಿಗೆ ಹೋದ ಹಾಗೆ. ಗಲ್ಫ್ ಕೆಲಸ ಶಾಶ್ವತ ಅಲ್ಲ. ವಾಪಸ್ ಬಂದಾಗ ಮತ್ತೆ ಮೂರು ವರ್ಷ ಕಾಯಬೇಕಾಗಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿಯೂ ಇಲ್ಲ. ರಜೆಯಲ್ಲಿ ಬಂದಾಗ ದೊಡ್ಡ ಚಿಕಿತ್ಸೆ ಮಾಡಿಸಿಕೊಂಡು ಹೋಗಲೂ ಇದೇ ಪಾಲಿಸಿ ಆಧಾರ.

ಬೇರೆ ದೇಶಗಳಲ್ಲಿ ಹೇಗೆ?

ಎಲ್ಲ ದೇಶದಲ್ಲೂ ಹೀಗಿಲ್ಲ. ಜರ್ಮನಿಯ ಸರ್ಕಾರಿ ವಿಮೆಯಲ್ಲಿ ಹಳೇ ಕಾಯಿಲೆ ಇದೆ ಅಂತ ತಡೆಯುವುದಿಲ್ಲ, ಅಪ್ಪ ಅಥವಾ ಅಮ್ಮ ಅದಕ್ಕೆ ಸೇರಿದ್ರೆ ಮಗುವಿಗೆ ಬೇರೆ ಪ್ರೀಮಿಯಂ ಇಲ್ಲದೆ ಅದೇ ವಿಮೆ. ಬ್ರಿಟನ್‌ಗೆ ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಮಾಡಿಸುವಾಗ ಮಗುವಿಗೆ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಮೊದಲೇ ಕಟ್ಟಬೇಕು. ವೀಸಾ ಶುರುವಾಗಿ ಅಲ್ಲಿಗೆ ಹೋದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಹಳೇ ಕಾಯಿಲೆಗೂ ಕಾಯುವ ಅವಧಿ ಇಲ್ಲ. ಅಮೆರಿಕದಲ್ಲಿ 2014ರಿಂದ ಕಂಪನಿ ವಿಮೆಯಲ್ಲಿ ಹಳೇ ಕಾಯಿಲೆ ಅಂತ ಹೊರಗಿಡುವ ಹಾಗಿಲ್ಲ. ಆದ್ರೆ ಕುಟುಂಬದ ಹೆಸರು ಸೇರಿಸಲು ಗಡುವು ಇರ್ತದೆ, ಸಾಮಾನ್ಯವಾಗಿ 30 ದಿನ. ಅದು ತಪ್ಪಿದ್ರೆ ಮುಂದಿನ ವರ್ಷದ ತನಕ ಕಾಯಬೇಕಾಗಬಹುದು.

ಸಹಿ ಹಾಕುವ ಮೊದಲು

ಆಫರ್ ಲೆಟರ್ ಕೈಗೆ ಬಂದಾಗ ಕಂಪನಿಯವರನ್ನು ಇಷ್ಟು ಕೇಳಿ, ಉತ್ತರ ಇಮೇಲ್‌ನಲ್ಲಿ ತರಿಸಿಕೊಳ್ಳಿ:

1. ಮಗುವಿನ ವಿಮೆ ಕಂಪನಿ ಕೊಡ್ತದಾ, ನಾವೇ ಮಾಡಿಸಬೇಕಾ?
2. ಹಳೇ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು?
3. ವರ್ಷಕ್ಕೆ ಔಷಧದ ಮಿತಿ ಎಷ್ಟು, ನಮ್ಮ ಪಾಲು ಎಷ್ಟು?
4. ಹುಟ್ಟಿನಿಂದ ಬಂದ ತೊಂದರೆ ಸೇರಿದೆಯಾ? ಸ್ಟ್ರಿಪ್, ಸೆನ್ಸರ್, ಪಂಪ್ ಸೇರಿದೆಯಾ?
5. ಮಕ್ಕಳ ತಜ್ಞರಿರುವ ಯಾವ ಆಸ್ಪತ್ರೆಯಲ್ಲಿ ಈ ಕಾರ್ಡ್ ನಡೀತದೆ?

ಇಲ್ಲಿಂದ ಹೊರಡುವಾಗ ಡಾಕ್ಟರ್ ಕೈಯಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿ: ಕಾಯಿಲೆ ಯಾವುದು, ಯಾವಾಗಿಂದ, ಯಾವ ಔಷಧ, ಎಷ್ಟು ಡೋಸ್. ಬ್ರಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ, ಯಾಕೆಂದ್ರೆ ನಮ್ಮ ಬ್ರಾಂಡ್ ಅಲ್ಲಿ ಇಲ್ಲದೇ ಇರಬಹುದು. ಇನ್ಸುಲಿನ್ ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ವಿಮಾನದ ಲಗೇಜ್ ಜಾಗದಲ್ಲಿ ಚಳಿಗೆ ಹೆಪ್ಪುಗಟ್ಟಿದ್ರೆ ಅದು ಕೆಲಸಕ್ಕೆ ಬರುವುದಿಲ್ಲ. ಫಿಟ್ಸ್ ಮತ್ತು ಮನಸ್ಸಿಗೆ ಸಂಬಂಧಿಸಿದ ಕೆಲವು ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಅವಕ್ಕೆ ಅಲ್ಲಿನ ಸರ್ಕಾರದ ಅನುಮತಿ ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು.

ಉತ್ತರ ಸರಿ ಬಾರದಿದ್ರೆ ಅಪ್ಪ ಮೊದಲು ಹೋಗಿ, ಒಳ್ಳೆ ಪ್ಲಾನ್ ಹುಡುಕಿ, ಕಾಯುವ ತಿಂಗಳುಗಳ ಔಷಧದ ದುಡ್ಡು ಕೂಡಿಟ್ಟ ಮೇಲೆ ಮಗುವನ್ನು ಕರೆಸಿಕೊಳ್ಳಲಿ. ನಾಲ್ಕು ತಿಂಗಳು ತಡ ಆದ್ರೆ ನಷ್ಟ ಏನಿಲ್ಲ. ಊರಿನ ಡಾಕ್ಟರ್ ಹತ್ತಿರವೇ ಇದ್ದಾರೆ, ಔಷಧ ಸಿಗ್ತದೆ. ಕಾರ್ಡ್ ನಂಬಿ ಹೋಗಿ, ಅಲ್ಲಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತಾಗ "ಇದು ಕವರ್ ಆಗುವುದಿಲ್ಲ" ಅಂತ ಕೇಳುವುದಕ್ಕಿಂತ ಇಲ್ಲಿಂದಲೇ ಕೇಳಿ ತಿಳಿದು ಹೋಗುವುದು ಒಳ್ಳೆಯದು.