ಗಡಿ ದಾಟಿದರೆ ಜಾತಿ ಬದಲಾಗುತ್ತದೆಯೇ?

ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು. ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದಾರೆ, ತಂಗಿಯನ್ನು ಕೌತಾಳಕ್ಕೆ. ಇಬ್ಬರ ಮನೆಯಲ್ಲೂ ಮಾತು ಕನ್ನಡ, ಕುಲ ಬೇಡರದು. ಆದರೆ ಅಕ್ಕನ ಮಗನ ಸರ್ಟಿಫಿಕೇಟಿನಲ್ಲಿ ಪರಿಶಿಷ್ಟ ಪಂಗಡ ಅಂತ ಇದೆ, ತಂಗಿಯ ಮಗನದರಲ್ಲಿ ಬಿ.ಸಿ.-ಎ. 'ಏನ್ರೀ, ಒಂದ ಮನಿಯವರು ನಾವು, ಗಡಿ ದಾಟಿದ ಕೂಡ್ಲೆ ಜಾತಿ ಬದ್ಲಾಗ್ತೈತೇನು?' ಎಂದು ಆ ತಾಯಿ ಕೇಳಿದರೆ ಯಾವ ಅಧಿಕಾರಿ ಉತ್ತರ ಕೊಟ್ಟಾನು? ಆದವಾನಿ, ಆಲೂರು, ಹೊಳಗುಂದ, ಕೋಸಗಿ ಕಡೆಯ ಓದುಗರಿಗೆ ಇದು ಕಥೆಯಲ್ಲ, ಮನೆಮನೆಯ ಮಾತು.

ಕರ್ನಾಟಕದಲ್ಲಿ ಬೇಡ, ವಾಲ್ಮೀಕಿ ಹೆಸರುಗಳು ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಎಸ್ಟಿ ಪಟ್ಟಿಗೆ ಸೇರಿದ್ದು 1991ರಲ್ಲಿ. ಸಿರುಗುಪ್ಪ ವಿಧಾನಸಭಾ ಕ್ಷೇತ್ರ, ಬಳ್ಳಾರಿ ಲೋಕಸಭಾ ಕ್ಷೇತ್ರ ಎರಡೂ ಎಸ್ಟಿ ಮೀಸಲು. ಗಡಿಯ ಈಚೆ ಅದೇ ಜನ 'ವಾಲ್ಮೀಕಿ ಬೋಯ'. ಪಟ್ಟಿಯಲ್ಲಿ ಆವರಣದೊಳಗೆ 'ಬೇಡರ್' ಎಂಬ ಹೆಸರೂ ಇದೆ. ಆದರೆ ಇರುವುದು ಹಿಂದುಳಿದ ವರ್ಗದ 'ಎ' ಗುಂಪಿನಲ್ಲಿ. ತಮಾಷೆಯೆಂದರೆ, ಆ ಗುಂಪಿನ ತಲೆಬರಹವೇ 'ಮೂಲ ಬುಡಕಟ್ಟುಗಳು, ವಿಮುಕ್ತ ಜಾತಿಗಳು, ಅಲೆಮಾರಿ, ಅರೆ ಅಲೆಮಾರಿ ಬುಡಕಟ್ಟುಗಳು' ಎಂದಿದೆ. ತಲೆಬರಹದಲ್ಲಿ ಬುಡಕಟ್ಟು ಎಂದು ಒಪ್ಪಿ, ಸವಲತ್ತಿನಲ್ಲಿ ಅಲ್ಲ ಎನ್ನುವುದು ಯಾವ ನ್ಯಾಯ?

ಈ ಗೆರೆ ಎಷ್ಟು ಹಳೆಯದು? 1953ರ ಅಕ್ಟೋಬರ್ 1ಕ್ಕೆ ಮೊದಲು ಆದವಾನಿ, ಆಲೂರು, ಸಿರುಗುಪ್ಪ ಎಲ್ಲವೂ ಮದ್ರಾಸ್ ಪ್ರಾಂತ್ಯದ ಒಂದೇ ಬಳ್ಳಾರಿ ಜಿಲ್ಲೆ. ಆಂಧ್ರ ರಾಜ್ಯವಾದ ದಿನ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು, ಬಳ್ಳಾರಿ ಇತ್ತ ಉಳಿಯಿತು. ಗೆರೆ ಎಳೆದವರು ಭಾಷೆ ನೋಡಿದರು, ಊರು ನೋಡಿದರು. ಎರಡೂ ಕಡೆ ಹಂಚಿಹೋದ ಬೇಡರನ್ನು ನೋಡಲಿಲ್ಲ.

ಬೇಡರಿಗೆ ಆದ ಪೆಟ್ಟು ಅದಕ್ಕೂ ಹಿಂದಿನದು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಆಗಲೇ. ಇಲ್ಲಿನ ಪಾಳೆಯಗಾರರ ಕಾಲಾಳುಗಳಲ್ಲಿ ಬೇಡ-ಬೋಯರು ಬಹಳ. ಕಲೆಕ್ಟರ್ ಥಾಮಸ್ ಮನ್ರೋ ಪಾಳೆಯಗಾರರ ಕೈಯಿಂದ ಆಯುಧ, ಅಧಿಕಾರ ಕಿತ್ತುಕೊಂಡ ಮೇಲೆ ಕತ್ತಿ ಹಿಡಿದ ಕೈ ಕೂಲಿಗೆ ಬಿತ್ತು. ಅದೇ ಮನ್ರೋನ ಹೆಸರನ್ನು ಮನ್ರೋಲಪ್ಪ ಎಂದು ಮಕ್ಕಳಿಗೆ ಇಟ್ಟ ಜನ ನಾವು. ನಮ್ಮದು ದ್ವೇಷ ಸಾಧಿಸುವ ಸ್ವಭಾವವಲ್ಲ, ನಿಜ. ಆದರೆ ಮರೆತರೆ ಹೇಗೆ? 1857ರಲ್ಲಿ ಆಯುಧ ಒಪ್ಪಿಸಿ ಎಂಬ ಆಜ್ಞೆಗೆ ಹಲಗಲಿಯ ಬೇಡರು ಒಪ್ಪಲಿಲ್ಲ. 19 ಜನರನ್ನು ಗಲ್ಲಿಗೇರಿಸಿದರು. ಸುರಪುರದ ಬೇಡ ದೊರೆ ವೆಂಕಟಪ್ಪ ನಾಯಕ 1858ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ.

ಸ್ವಾತಂತ್ರ್ಯಕ್ಕಾಗಿ ಅಷ್ಟು ಮೊದಲೇ ಎದ್ದು ನಿಂತವರ ಮೊಮ್ಮಕ್ಕಳು ಇಂದು ಸುಗ್ಗಿಗೆಂದು ಮನೆಗೆ ಬೀಗ ಹಾಕಿ, ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಮಕ್ಕಳೂ ಜೊತೆಗೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ.

ಹೊರಗಿನ ಜಗತ್ತಿನಲ್ಲಿ ಮೂಲನಿವಾಸಿಗಳ ಲೆಕ್ಕ ಚುಕ್ತಾ ಮಾಡುವ ಪ್ರಯತ್ನ ನಡೆದಿದೆ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಅಂಗೀಕರಿಸಿತು. ಭಾರತವೂ ಪರವಾಗಿ ಮತ ಹಾಕಿತು, ಆದರೆ ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬ ನಿಲುವಿನೊಂದಿಗೆ. 2008ರ ಫೆಬ್ರವರಿ 13ರಂದು ಆಸ್ಟ್ರೇಲಿಯಾ ಪ್ರಧಾನಿ ಕೆವಿನ್ ರಡ್ ತಮ್ಮ ಮೂಲನಿವಾಸಿಗಳ ಕ್ಷಮೆ ಕೇಳಿದರು. ನಮ್ಮ ಬೇಡರು ಬೇರೆ ದೇಶ ಕೇಳುತ್ತಿಲ್ಲ, ಬೇರೆ ರಾಜ್ಯವನ್ನೂ ಕೇಳುತ್ತಿಲ್ಲ. ಗಡಿಯ ಆ ಕಡೆ ಇರುವ ಗುರುತು ಈ ಕಡೆಯೂ ಇರಲಿ ಎಂದಷ್ಟೇ ಕೇಳುತ್ತಿದ್ದಾರೆ.

ಆಂಧ್ರ ವಿಧಾನಸಭೆ 2017ರ ಡಿಸೆಂಬರ್‌ನಲ್ಲಿ ಒಮ್ಮೆ, 2023ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಈ ಬಗ್ಗೆ ನಿರ್ಣಯ ಮಾಡಿತು. ಒಂದು ತೆಲುಗುದೇಶಂ ಸರ್ಕಾರದ್ದು, ಮತ್ತೊಂದು ವೈಎಸ್ಸಾರ್ ಕಾಂಗ್ರೆಸ್ಸಿನದು. ಎರಡೂ ಬಂದದ್ದು ಚುನಾವಣೆ ಸಮೀಪಿಸುತ್ತಿದ್ದ ಕಾಲಕ್ಕೆ ಎಂಬುದು ಗಮನಾರ್ಹ. ನಿರ್ಣಯದಿಂದ ಸರ್ಟಿಫಿಕೇಟ್ ಸಿಗುವುದಿಲ್ಲ. ಕಡತ ರಿಜಿಸ್ಟ್ರಾರ್ ಜನರಲ್, ರಾಷ್ಟ್ರೀಯ ಎಸ್ಟಿ ಆಯೋಗ, ಕೇಂದ್ರ ಸಂಪುಟ ದಾಟಿ ಸಂಸತ್ತಿನಲ್ಲಿ ಕಾನೂನಾಗಬೇಕು. ಸಂವಿಧಾನದ 342ನೇ ವಿಧಿ ಹೇಳುವುದು ಅದನ್ನೇ. ಅಲ್ಲಿಯವರೆಗೆ ಸಿರುಗುಪ್ಪದಿಂದ ಮದುವೆಯಾಗಿ ಬಂದ ಹೆಣ್ಣುಮಗಳು ತವರಿನ ಎಸ್ಟಿ ಪತ್ರವನ್ನು ಆದವಾನಿಯಲ್ಲಿ ಬಳಸುವಂತಿಲ್ಲ. ಒಂದು ರಾಜ್ಯದ ಪಂಗಡ ಇನ್ನೊಂದು ರಾಜ್ಯಕ್ಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಸಂಬಂಧ ಮಾಡುವ ಮುನ್ನ ಹಿರಿಯರು ಇದನ್ನು ತಿಳಿದಿರಲಿ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆಂಧ್ರದಲ್ಲಿ ಎಸ್ಟಿ ಮೀಸಲಾತಿ ಶೇ. 6. ದೊಡ್ಡ ಸಮುದಾಯವೊಂದು ಒಳಗೆ ಬಂದರೆ ತಮ್ಮ ತಟ್ಟೆಯ ತುತ್ತು ಹೋಗುತ್ತದೆ ಎಂದು ಏಜೆನ್ಸಿ ಪ್ರದೇಶದ ಆದಿವಾಸಿ ಸಂಘಟನೆಗಳು 2023ರಲ್ಲಿ ವಿರೋಧಿಸಿದವು. ನಮ್ಮ ಸೀಮೆಯ ಸುಗಾಲಿ, ಯೆರುಕುಲರಿಗೂ ಈ ಅಂಜಿಕೆ ಬರಬಹುದು. ಆ ಭಯ ಸುಳ್ಳಲ್ಲ. ಹಾಗಾಗಿ ಹೊಸಬರನ್ನು ಸೇರಿಸುವುದಾದರೆ ಪಾಲನ್ನೂ ಹಿಗ್ಗಿಸಬೇಕು. ಕರ್ನಾಟಕ 2022ರಲ್ಲಿ ಎಸ್ಟಿ ಪಾಲನ್ನು ಶೇ. 3ರಿಂದ 7ಕ್ಕೆ ಏರಿಸಿತಲ್ಲವೇ? ಬಡವರನ್ನು ಬಡವರ ಮೇಲೆ ಎತ್ತಿಕಟ್ಟಿದರೆ ಅದು ರಾಜಿಯಲ್ಲ, ಹೊಸ ಜಗಳ.

ವಿಮುಕ್ತ ಎಂಬ ಶಬ್ದ ಮರಾಠಿಯವರ ಬಾಯಲ್ಲಿ ಹೆಚ್ಚು ಕೇಳುತ್ತೇವೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಕೊರವರಂಥ ಎಷ್ಟೋ ಜನ ಹುಟ್ಟುತ್ತಲೇ ಕಳ್ಳರೆಂಬ ಹಣೆಪಟ್ಟಿಯಿಂದ ಬಿಡುಗಡೆಯಾದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಕಾಗದದ ಮೇಲಿನ ಬಿಡುಗಡೆ ಮನಸ್ಸಿಗೆ ಬರಲು ಇನ್ನೂ ತಡವಾಯಿತು. ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿ ಭೇದದ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ!

ಬೇಡಿಕೆ ದೊಡ್ಡದೇನಲ್ಲ. ಎರಡೂ ರಾಜ್ಯಗಳು ಕೂಡಿ ಗಡಿ ಹಳ್ಳಿಗಳಲ್ಲಿ ಕುಲ, ಸಂಬಂಧ, ಆಚರಣೆಗಳ ಅಧ್ಯಯನ ಮಾಡಲಿ. ಅದನ್ನು ತೆಲುಗಿನ ಜೊತೆ ಕನ್ನಡದಲ್ಲೂ ಪ್ರಕಟಿಸಲಿ. ಕಡತ ಯಾವ ಮೇಜಿನ ಮೇಲಿದೆ ಎಂದು ನಮ್ಮ ಸಂಸದರು ಜನರಿಗೆ ತಿಳಿಸಲಿ. ಆಗುವುದಿಲ್ಲ ಎಂದಾದರೆ ಕಾರಣ ಕೊಡಲಿ. ಐದು ವರ್ಷಕ್ಕೊಮ್ಮೆ ಆಸೆ ತೋರಿಸುವುದನ್ನು ನಿಲ್ಲಿಸಲಿ.

ಲೆಕ್ಕ ಬರೆದು ರೂಢಿಯಿದ್ದವರಿಗೆ ಒಂದು ಮಾತು ಗೊತ್ತು. ಹಳೆಯ ಪುಸ್ತಕದ ಬಾಕಿಯನ್ನು ಹೊಸ ಪುಸ್ತಕಕ್ಕೆ ಇಳಿಸದಿದ್ದರೆ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. 1800ರ ಬಾಕಿ 1947ಕ್ಕೆ ಇಳಿಯಲಿಲ್ಲ, 1953ಕ್ಕೂ ಇಳಿಯಲಿಲ್ಲ. ಕೌತಾಳದ ತಂಗಿಯ ಮಗ ಈಗ ಹತ್ತನೇ ಕ್ಲಾಸು. ಅವನ ಮಗನ ಅರ್ಜಿಗಾದರೂ ಅದು ಇಳಿಯಲಿ.