ಪತ್ರ ಬರೆಸಲು ಖರ್ಚೆಷ್ಟು? ಒಂದು ಲೆಕ್ಕ

ಬೋಧನಾಭ್ಯಾಸದ ವಾರಗಳಲ್ಲಿ ಪತ್ರಲೇಖನದ ಪಾಠವನ್ನು ನಮ್ಮಲ್ಲಿ ಕೆಲವರು ಮಾಡುತ್ತಾರೆ, ಉಳಿದವರು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಬರೆಯುತ್ತಾರೆ. ಪಾಠದ ಕ್ರಮ ಎಲ್ಲ ಶಾಲೆಗಳಲ್ಲೂ ಬಹುತೇಕ ಒಂದೇ. ಕಪ್ಪುಹಲಗೆಯ ಮೇಲೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ‘ಮಾನ್ಯರೇ’, ‘ವಿಷಯ’, ಕೊನೆಗೆ ‘ಇಂತಿ ತಮ್ಮ ವಿಧೇಯ’. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಪತ್ರ ಯಾರಿಗೂ ಹೋಗುವುದಿಲ್ಲ, ಅದಕ್ಕೆ ಉತ್ತರವೂ ಬರುವುದಿಲ್ಲ. ನಾನು ಬೋಧನಾಭ್ಯಾಸ ಮಾಡಿದ ಎಂಟನೆಯ ತರಗತಿಯಲ್ಲಿ 34 ಮಕ್ಕಳಿದ್ದರು. ಅವರಲ್ಲಿ ಒಬ್ಬರೂ ಅದುವರೆಗೆ ಅಂಚೆ ಡಬ್ಬಿಗೆ ಪತ್ರ ಹಾಕಿರಲಿಲ್ಲ.

ಹಾಗಾದರೆ ನಿಜವಾದ ಪತ್ರವನ್ನೇ ಬರೆಸೋಣ ಎಂದರೆ ಮೊದಲು ಬರುವ ಪ್ರಶ್ನೆ, ‘ಖರ್ಚು ಯಾರು ಕೊಡುತ್ತಾರೆ?’ ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಅಭ್ಯಾಸ ಶಾಲೆಗಳ ಮಕ್ಕಳಲ್ಲಿ ಹತ್ತು ರೂಪಾಯಿಯನ್ನೂ ಮನೆಯಲ್ಲಿ ಕೇಳಲು ಹಿಂಜರಿಯುವವರು ಇದ್ದಾರೆ. ಆದರೆ ಪ್ರಶ್ನೆ ಕೇಳಿದವರು ಲೆಕ್ಕ ಹಾಕಿ ನೋಡಿರುವುದಿಲ್ಲ. ವಿಜ್ಞಾನ, ಗಣಿತ ಓದಿ ಬಿ.ಎಡ್.ಗೆ ಬಂದವರಾದ ನಮಗೆ ಲೆಕ್ಕ ಹಾಕದೆ ತೀರ್ಮಾನಕ್ಕೆ ಬರುವುದು ಒಪ್ಪುವಂಥದ್ದಲ್ಲ. ನನ್ನ ವಾದ ಇಷ್ಟು: ಪತ್ರ ದುಬಾರಿಯಲ್ಲ. ಪತ್ರಕ್ಕೆ ನಾವು ಹಚ್ಚುವ ಅಲಂಕಾರ ದುಬಾರಿ. ಆ ಅಲಂಕಾರದ ಖರ್ಚು ಕೊನೆಗೆ ಬೀಳುವುದು ಅದನ್ನು ಹೊರಲಾರದ ಮಕ್ಕಳ ಮೇಲೆ.

ಮೊದಲು ಅಂಚೆಯ ದರ ನೋಡೋಣ. ಒಂದು ಅಂಚೆ ಕಾರ್ಡಿಗೆ 50 ಪೈಸೆ. ಇನ್‌ಲ್ಯಾಂಡ್ ಪತ್ರಕ್ಕೆ 2 ರೂಪಾಯಿ 50 ಪೈಸೆ. 20 ಗ್ರಾಂ ಮೀರದ ಲಕೋಟೆಗೆ 5 ರೂಪಾಯಿಯ ಅಂಚೆಚೀಟಿ. ದೇಶದೊಳಗೆ ಪಕ್ಕದ ಊರಿಗಾದರೂ ಅಷ್ಟೇ, ಕಾಶ್ಮೀರಕ್ಕಾದರೂ ಅಷ್ಟೇ.

ದೂರ ಎಷ್ಟಾದರೂ ದರ ಒಂದೇ ಎಂಬುದು ಹಿಂದೆ ಇರಲಿಲ್ಲ. ಬ್ರಿಟನ್ನಿನಲ್ಲಿ 1840ಕ್ಕೆ ಮೊದಲು ದೂರ ಎಷ್ಟು, ಹಾಳೆ ಎಷ್ಟು ಎಂದು ಎಣಿಸಿ ಹಣ ಪಡೆಯುತ್ತಿದ್ದರು. ಬಹಳ ಸಲ ಅದನ್ನು ಕೊಡಬೇಕಾದವರು ಪತ್ರ ಪಡೆಯುವವರು. ಎರಡನೆಯ ಹಾಳೆಯ ಖರ್ಚು ಉಳಿಸಲು ಜನ ಒಂದು ಪುಟ ಬರೆದು ಮುಗಿಸಿದ ಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ ಅದೇ ಸಾಲುಗಳ ಮೇಲೆ ಮತ್ತೆ ಬರೆಯುತ್ತಿದ್ದರು. ನಮ್ಮ ದೇಶದಲ್ಲಿ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಏಕರೂಪ ದರ ಬಂದದ್ದು 1854ರಲ್ಲಿ. ಆಗ ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ. ಒಂದು ತೊಲ ಸುಮಾರು 11.66 ಗ್ರಾಂ, ಅಂದರೆ ಕಾಲು ತೊಲ ಮೂರು ಗ್ರಾಮಿಗೂ ಕಡಿಮೆ. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂತು. ಕಡಿಮೆ ಕಾಗದದಲ್ಲಿ ಹೆಚ್ಚು ಹೇಳುವ ಕಲೆಯನ್ನು ಜನ ಕಲಿತದ್ದು ಹೀಗೆ, ದರದ ಒತ್ತಾಯದಿಂದ. ಗಾಂಧೀಜಿ ತಮಗೆ ಬಂದ ಕಾಗದಗಳ ಖಾಲಿ ಬೆನ್ನನ್ನೂ ಬಳಸಿದ ಲಕೋಟೆಗಳ ಒಳಮೈಯನ್ನೂ ಬರೆಯಲು ಇಟ್ಟುಕೊಳ್ಳುತ್ತಿದ್ದರು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ.

ಈಗ ಕಾಗದದ ಲೆಕ್ಕ. ಎ4 ಹಾಳೆ ಎಂದರೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ. 75 ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರಿಗೆ 75 ಗ್ರಾಂ. 75ನ್ನು 16ರಿಂದ ಭಾಗಿಸಿದರೆ ಒಂದು ಹಾಳೆಗೆ ಸುಮಾರು 4.7 ಗ್ರಾಂ. ಹಾಗಾದರೆ ಮೂರು ಹಾಳೆ ಪತ್ರ ಮತ್ತು ಅದೇ ಕಾಗದದ ಒಂದು ಹಾಳೆಯಿಂದ ಮಾಡಿದ ಲಕೋಟೆ ಸೇರಿ 18.8 ಗ್ರಾಂ. ಗೋಂದು ಮತ್ತು ಅಂಚೆಚೀಟಿಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಜಾಗ ಉಳಿಯುತ್ತದೆ. ನಾಲ್ಕನೆಯ ಹಾಳೆ ಸೇರಿಸಿದರೆ ಮಿತಿ ದಾಟುತ್ತದೆ, ಹೆಚ್ಚಿನ ಅಂಚೆಚೀಟಿ ಬೇಕಾಗುತ್ತದೆ. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದಿಂದ ಲಕೋಟೆ ಮಾಡಿದರೆ ಒಳಗೆ ಒಂದು ಹಾಳೆ ಕಡಿಮೆ ಇಡಬೇಕಾದೀತು, ತೂಗಿ ನೋಡುವುದು ಒಳ್ಳೆಯದು. ಶಾಲೆಯ ಪ್ರಯೋಗಾಲಯದ ತಕ್ಕಡಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು?

ಲಕೋಟೆಯನ್ನು ಕೊಳ್ಳಬೇಕಾಗಿಲ್ಲ. 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದದ ಎ4 ಹಾಳೆಯಲ್ಲಿ ಎರಡೂ ಪಕ್ಕದಲ್ಲಿ 2.4 ಸೆಂ.ಮೀ. ಮಡಿಕೆಗೆ ಬಿಟ್ಟರೆ 16.2 ಸೆಂ.ಮೀ. ಅಗಲ ಉಳಿಯುತ್ತದೆ. ಉದ್ದದಲ್ಲಿ 11.4 ಸೆಂ.ಮೀ.ನ ಎರಡು ಭಾಗ ಮಾಡಿದರೆ ಮುಚ್ಚಳಕ್ಕೆ 6.9 ಸೆಂ.ಮೀ. ಸಿಗುತ್ತದೆ. ಮುಂಭಾಗಕ್ಕೆ ಅಂಟುವ ಎರಡು ಪಕ್ಕದ ಮಡಿಕೆಗಳನ್ನು ಬಿಟ್ಟು ಉಳಿದ ಮೂಲೆಗಳನ್ನು ಕತ್ತರಿಸಿದರೆ ಲಕೋಟೆ ಸಿದ್ಧ. ಎರಡು ಬಾರಿ ಮಡಿಸಿದ ಎ4 ಹಾಳೆ ಅದರೊಳಗೆ ಸರಾಗವಾಗಿ ಕೂರುತ್ತದೆ. ಅಳತೆ, ಮಡಿಕೆ, ವಿಸ್ತೀರ್ಣ, ಅನುಪಾತ ಇಷ್ಟೂ ಒಂದೇ ಲಕೋಟೆಯಲ್ಲಿ ಬರುವಾಗ ಗಣಿತದ ಪಾಠಕ್ಕೆ ಬೇರೆ ಬೋಧನೋಪಕರಣ ಹುಡುಕಬೇಕೆ?

ನನ್ನ ತರಗತಿಯ ಖರ್ಚನ್ನು ಇಲ್ಲಿ ಕೊಡುತ್ತೇನೆ. ಇನ್ನೊಂದು ಅಭ್ಯಾಸ ಶಾಲೆಯಲ್ಲಿದ್ದ ಸಹಪಾಠಿಯ ಎಂಟನೆಯ ತರಗತಿಯೊಂದಿಗೆ ನಾವು ಪತ್ರವ್ಯವಹಾರ ಇಟ್ಟುಕೊಂಡೆವು. ಎರಡು ಸುತ್ತು ಅಂಚೆ ಕಾರ್ಡು: 34 ರೂಪಾಯಿ. ಒಂದು ಸುತ್ತು ಲಕೋಟೆ ಪತ್ರ, ಮೂವರು ಮಕ್ಕಳ ಒಂದೊಂದು ಹಾಳೆ ಒಂದು ಲಕೋಟೆಯಲ್ಲಿ: 12 ಲಕೋಟೆಗೆ 60 ರೂಪಾಯಿ ಅಂಚೆಚೀಟಿ. ಪತ್ರಕ್ಕೆ 34, ಲಕೋಟೆಗೆ 12, ಒಟ್ಟು 46 ಹಾಳೆ. ನಾನು ಕೊಂಡ 500 ಹಾಳೆಯ ಕಟ್ಟಿಗೆ 280 ರೂಪಾಯಿ, ಅಂದರೆ ಹಾಳೆಗೆ 56 ಪೈಸೆ, 46 ಹಾಳೆಗೆ ಸುಮಾರು 26 ರೂಪಾಯಿ. ಗೋಂದಿಗೆ 10 ರೂಪಾಯಿ. ಒಟ್ಟು 130 ರೂಪಾಯಿ. ಒಂದು ಮಗುವಿಗೆ ಮೂರು ಪತ್ರಗಳಿಗೆ 4 ರೂಪಾಯಿಯೂ ಆಗಲಿಲ್ಲ. ಅದೇ ಅವಧಿಯಲ್ಲಿ ನನ್ನ ಪಾಠಗಳಿಗಾಗಿ ಚಾರ್ಟು, ಥರ್ಮೋಕೋಲು, ಸ್ಕೆಚ್ ಪೆನ್ನು ಎಂದು ಖರ್ಚಾದದ್ದು ಇದರ ಐದು ಪಟ್ಟಿಗಿಂತ ಹೆಚ್ಚು. ಆ ಚಾರ್ಟುಗಳು ಈಗ ಹಾಸ್ಟೆಲಿನ ಮಂಚದ ಕೆಳಗಿವೆ.

ಹಾಗಾದರೆ ಪತ್ರ ಬರೆಯುವ ಹವ್ಯಾಸ ದುಬಾರಿ ಎಂಬ ಹೆಸರು ಬಂದದ್ದು ಹೇಗೆ? ಅಂಗಡಿಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಬಣ್ಣದ ಅಂಚಿನ ಹಾಳೆ, ಅದಕ್ಕೆ ಹೊಂದುವ ಲಕೋಟೆ, ಸ್ಟಿಕ್ಕರು, ಮಿನುಗುವ ಜೆಲ್ ಪೆನ್ನು, ಬಣ್ಣದ ಟೇಪು. ಒಂದೊಂದರ ಬೆಲೆ ಸಣ್ಣದು, ಒಟ್ಟು ಸಣ್ಣದಲ್ಲ. ನಾನು ವರ್ಷಗಳಿಂದ ಸ್ನೇಹಿತರಿಗೆ ಪತ್ರ ಬರೆಯುತ್ತಾ ಬಂದವನು. ಈ ಹವ್ಯಾಸ ಇರುವವರು ಹಲವರು ಬರೆಯುವುದಕ್ಕಿಂತ ಹೆಚ್ಚಾಗಿ ಕೊಳ್ಳುವುದನ್ನು ಕಂಡಿದ್ದೇನೆ. ಡ್ರಾಯರು ತುಂಬಿರುತ್ತದೆ, ಹೋದ ಪತ್ರ ನಾಲ್ಕೇ. ನನ್ನ ಕ್ರಮ ಸರಳ. ಮೊದಲು ತಿಂಗಳಿಗೆ ಎಷ್ಟು ಪತ್ರ ಎಂದು ನಿಶ್ಚಯಿಸಿ ಅಂಚೆಚೀಟಿ, ಕಾರ್ಡು ಕೊಳ್ಳುವುದು. ಅದು ಮುಗಿಯುವವರೆಗೆ ಬೇರೆ ಕಾಗದ ಕೊಳ್ಳದಿರುವುದು. ಅಂಚೆಯ ಖರ್ಚಿಗಿಂತ ಕಾಗದದ ಖರ್ಚು ಹೆಚ್ಚಾಗದಂತೆ ನೋಡಿಕೊಳ್ಳುವುದು. ಕಾಗದ ಕೊಳ್ಳುವ ಮುನ್ನ ನಮ್ಮದೇ ಪೆನ್ನಿನಿಂದ ಒಂದು ಸಾಲು ಬರೆದು ಹಾಳೆ ತಿರುಗಿಸಿ ನೋಡಬೇಕು. ಶಾಯಿ ಹಿಂದಕ್ಕೆ ಇಳಿದರೆ ಒಂದೇ ಬದಿ ಬಳಸಬಹುದು, ಅಂದರೆ ಅಗ್ಗದ ಹಾಳೆಯ ಬೆಲೆ ಇಮ್ಮಡಿ ಆಯಿತು. ಶಾಲೆಯ ಮಕ್ಕಳಿಗೆ ಬಾಲ್ ಪೆನ್ನೇ ಸರಿ.

ಈ ಅಂಗಡಿಯ ಅಭಿರುಚಿ ತರಗತಿಗೆ ಬಂದಾಗ ಏನಾಗುತ್ತದೆ ಎಂಬುದು ನನ್ನ ಮುಖ್ಯ ಕಾಳಜಿ. ನಾನು ಅವಲೋಕಿಸಿದ ಪಾಠವೊಂದರಲ್ಲಿ ಮಕ್ಕಳಿಗೆ ಹಿಂದಿನ ದಿನವೇ ‘ಬಣ್ಣದ ಕಾಗದ, ಸ್ಟಿಕ್ಕರು ಮನೆಯಿಂದ ತನ್ನಿ’ ಎಂದು ಹೇಳಲಾಗಿತ್ತು. ಬಹಳ ಮಕ್ಕಳು ತಂದರು. ಐದಾರು ಮಕ್ಕಳು ತರಲಿಲ್ಲ. ಅವರಲ್ಲಿ ಒಬ್ಬಳು ನೋಟ್‌ಬುಕ್ಕಿನ ನಡುವಿನ ಹಾಳೆ ಬಿಡಿಸಿಕೊಂಡು ಊರಿನ ಕೆರೆ ಒಣಗಿದ್ದರ ಬಗ್ಗೆ ಅಜ್ಜಿಗೆ ಬರೆದಳು. ಇಡೀ ತರಗತಿಯಲ್ಲಿ ಓದಿಸಿಕೊಂಡು ಹೋದ ಪತ್ರ ನನ್ನ ದೃಷ್ಟಿಯಲ್ಲಿ ಅದು. ‘ಅಂದ’ ಎಂಬ ಕಾಲಂನಲ್ಲಿ ಅವಳಿಗೆ ಬಂದದ್ದು ಕನಿಷ್ಠ ಅಂಕ. ಆ ಕಾಲಂ ಬರವಣಿಗೆಯನ್ನು ಅಳೆಯಲಿಲ್ಲ, ಮನೆಯ ಕೊಳ್ಳುವ ಶಕ್ತಿಯನ್ನು ಅಳೆಯಿತು. ಇಂಥ ಮೌಲ್ಯಮಾಪನವನ್ನು ನಿರಂತರ ಎಂದರೂ ವ್ಯಾಪಕ ಎಂದರೂ ನ್ಯಾಯವಾದದ್ದು ಎನ್ನಲಾಗದು.

ನನ್ನ ವಾದಕ್ಕೆ ಆಕ್ಷೇಪಗಳಿವೆ. ಚಂದದ ಸಾಮಗ್ರಿ ಮಕ್ಕಳಲ್ಲಿ ಆಸಕ್ತಿ ಹುಟ್ಟಿಸುತ್ತದೆ ಎಂಬುದು ಒಂದು. ನಿಜ, ಬಣ್ಣ ಮಕ್ಕಳಿಗೆ ಇಷ್ಟ. ಹಾಗಿದ್ದರೆ ತರಗತಿಗೆ ಒಂದೇ ಸಾಮಾನ್ಯ ಡಬ್ಬಿ ಇರಲಿ, ಬಣ್ಣದ ಪೆನ್ಸಿಲು ಅದರಿಂದ ಎಲ್ಲರಿಗೂ ಸಿಗಲಿ. ಆದರೆ ಆಸಕ್ತಿ ಉಳಿಸಿದ್ದು ಬಣ್ಣ ಅಲ್ಲ, ಬಂದ ಉತ್ತರ. ‘ನಿಮ್ಮೂರಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತದೆ?’ ಎಂದು ನಮ್ಮ ಮಕ್ಕಳು ಕಾರ್ಡಿನಲ್ಲಿ ಕೇಳಿದ್ದರು. ಆ ಕಡೆಯವರು ಮನೆಯಲ್ಲಿ, ಹೊಲದಲ್ಲಿ ವಿಚಾರಿಸಿ ಬಾವಿ, ಬೋರ್‌ವೆಲ್‌ಗಳ ಆಳ ಬರೆದು ಕಳಿಸಿದರು. ಕಾರ್ಡುಗಳು ಬಂದ ದಿನ ವಿಜ್ಞಾನದ ಅವಧಿ ಸಾಲಲಿಲ್ಲ. ಆ ಸಂಖ್ಯೆಗಳೇ ಮಾರನೆಯ ದಿನ ಸ್ತಂಭಾಲೇಖವಾದವು.

ವಾಟ್ಸಾಪಿನ ಕಾಲದಲ್ಲಿ ಪತ್ರ ಯಾಕೆ ಎಂಬುದು ಎರಡನೆಯದು. ಸಂದೇಶವನ್ನು ಕಳಿಸಿದ ಮೇಲೂ ಅಳಿಸಬಹುದು. ಕಾರ್ಡಿನಲ್ಲಿ ಅಂಗೈಯಗಲ ಜಾಗ, ಅಳಿಸುವ ಹಾಗಿಲ್ಲ. ಹಾಗಾಗಿ ಮಗು ಮೊದಲು ಕರಡು ಬರೆಯುತ್ತದೆ, ಬೇಡದ್ದನ್ನು ಹೊಡೆಯುತ್ತದೆ, ಮತ್ತೆ ಬರೆಯುತ್ತದೆ. ಈ ಅಭ್ಯಾಸವನ್ನೇ ಅಲ್ಲವೆ ನಾವು ಭಾಷಾ ಬೋಧನೆಯಲ್ಲಿ ಬಯಸುವುದು? ಮೂರನೆಯದು, ಇದು ಭಾಷಾ ಶಿಕ್ಷಕರ ಕೆಲಸ, ವಿಜ್ಞಾನದವರಿಗೆ ಯಾಕೆ ಎಂಬುದು. ನೆಹರೂ 1928ರಲ್ಲಿ ಮಸೂರಿಯಲ್ಲಿದ್ದ ಹತ್ತು ವರ್ಷದ ಮಗಳಿಗೆ ಬರೆದ ಪತ್ರಗಳಲ್ಲಿ ಭೂಮಿ ಹುಟ್ಟಿದ್ದು, ಜೀವಿಗಳು ಬಂದದ್ದು ಎಲ್ಲ ಇದೆ. ಡಾರ್ವಿನ್ನನ ಪತ್ರವ್ಯವಹಾರದಲ್ಲಿ ಇಂದು ತಿಳಿದಿರುವ ಪತ್ರಗಳೇ 15,000ದಷ್ಟು. ಆತ ಮನೆಯಲ್ಲಿ ಕುಳಿತು ಲೋಕದ ನಾನಾ ಕಡೆಯಿಂದ ಮಾಹಿತಿ ಸಂಗ್ರಹಿಸಿದ್ದು ಹೀಗೆ. ಪತ್ರ ವಿಜ್ಞಾನಕ್ಕೆ ಹೊರಗಿನದಲ್ಲ.

ಆಚರಣೆಯಲ್ಲಿ ಕೆಲವು ಎಚ್ಚರಿಕೆ ಬೇಕು. ಕಾರ್ಡನ್ನು ಯಾರು ಬೇಕಾದರೂ ಓದಬಹುದು, ಆದ್ದರಿಂದ ಮನೆಯ ವಿಷಯ, ಫೋನ್ ಸಂಖ್ಯೆ ಬೇಡ. ವಿಳಾಸ ಶಾಲೆಯದ್ದೇ ಇರಲಿ, ಪಿನ್ ಕೋಡಿನ ಆರೂ ಅಂಕಿ ಇರಲಿ. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಒಮ್ಮೆಗೇ ಮೂವತ್ತು ನಲವತ್ತು ಕಾರ್ಡು ಇರದಿರಬಹುದು, ಒಂದು ವಾರ ಮೊದಲೇ ಹೇಳಿಡಬೇಕು. ಕಳೆದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಕರಡಿಗೆ ಸಂಗ್ರಹಿಸಬೇಕು. ಲೆಕ್ಕದ ಪುಸ್ತಕ ಮಕ್ಕಳ ಕೈಯಲ್ಲಿರಲಿ. ನಮ್ಮ ತರಗತಿಯಲ್ಲಿ ಶಾಲಾ ಸಂಸತ್ತಿನ ಮಂತ್ರಿಗಳ ಜೊತೆ ಒಬ್ಬಳನ್ನು ಅಂಚೆ ಮಂತ್ರಿ ಮಾಡಿದೆವು. ಎಷ್ಟು ಕಾರ್ಡು ಬಂತು, ಎಷ್ಟು ಹಾಳಾಯಿತು, ಎಷ್ಟು ಉಳಿಯಿತು ಎಂದು ಅವಳು ಬರೆದಿಟ್ಟಳು. ಎರಡನೆಯ ಸುತ್ತಿಗೆ ಹಾಳಾದ ಕಾರ್ಡು ಒಂದೂ ಇರಲಿಲ್ಲ.

ಖರ್ಚು ಯಾರು ಕೊಡಬೇಕು ಎಂಬ ಮೂಲ ಪ್ರಶ್ನೆಗೆ ನನ್ನ ಉತ್ತರ: ಮಕ್ಕಳು ಕೊಡಬಾರದು. ಪ್ರತಿ ಪ್ರಶಿಕ್ಷಣಾರ್ಥಿಯೂ ಬೋಧನೋಪಕರಣಕ್ಕೆ ಹೇಗೂ ಖರ್ಚು ಮಾಡುತ್ತಾನೆ. ಅದರಲ್ಲಿ ಒಂದೆರಡು ಚಾರ್ಟು ಮತ್ತು ಒಂದು ಮಾದರಿಯ ಹಣ ಇದಕ್ಕೆ ಸಾಕು. ಆದರೆ ಚಾರ್ಟಿಗೆ ಅಂಕವಿದೆ, ಮಕ್ಕಳು ಬರೆದ ಪತ್ರಕ್ಕೆ ಅಂಕವಿಲ್ಲ. ಹೀಗಿರುವವರೆಗೆ ನಾವು ಚಾರ್ಟನ್ನೇ ಮಾಡುತ್ತೇವೆ. ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಮೂರು. ಬೋಧನಾಭ್ಯಾಸದ ಅವಧಿಯಲ್ಲಿ ಎರಡು ಅಭ್ಯಾಸ ಶಾಲೆಗಳ ನಡುವಿನ ಪತ್ರವಿನಿಮಯವನ್ನು ಒಂದು ಬೋಧನೋಪಕರಣವೆಂದು ಪರಿಗಣಿಸಿ ಅಂಕ ಕೊಡಿ. ‘ಮನೆಯಿಂದ ತನ್ನಿ’ ಎಂಬ ಸೂಚನೆ ಇರುವ ಪಾಠಯೋಜನೆಗೆ ಸಹಿ ಹಾಕುವ ಮುನ್ನ, ತರಲಾಗದ ಮಗುವಿಗೆ ಏನು ವ್ಯವಸ್ಥೆ ಎಂದು ಕೇಳಿ. ಪತ್ರಲೇಖನದ ಮೌಲ್ಯಮಾಪನ ಪಟ್ಟಿಯಿಂದ ‘ಅಂದ’ ತೆಗೆದು ‘ಓದುವವರಿಗೆ ಅರ್ಥವಾಗುವಂತಿದೆಯೇ’ ಎಂದು ಸೇರಿಸಿ.

ಮುಂದಿನ ಹಂತದ ಬೋಧನಾಭ್ಯಾಸಕ್ಕೆ ಶಾಲೆಗಳ ಹಂಚಿಕೆ ಇನ್ನೇನು ಆಗಲಿದೆ. ಎರಡು ಶಾಲೆಗಳನ್ನು ಜೋಡಿ ಮಾಡಿಕೊಳ್ಳಲು ಇಷ್ಟವಿರುವ ಸಹಪಾಠಿಗಳು ಪಟ್ಟಿ ಅಂತಿಮವಾಗುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ನನ್ನ ಬಳಿ ಇನ್ನೂ ನಾನೂರಕ್ಕೂ ಹೆಚ್ಚು ಹಾಳೆ ಉಳಿದಿವೆ.